ಮತವಿಲ್ಲದವರಿಗೆ ರೈನ್‌ಕೋಟ್

ಚುನಾವಣೆ ಘೋಷಣೆಯಾದ ಮರುದಿನದಿಂದ ಕೊಡಗಿನಲ್ಲಿ ದಾನಧರ್ಮವು ಒಂದು ಸಂಶಯಾಸ್ಪದ ಚಟುವಟಿಕೆಯಾಗುತ್ತದೆ. 50,000 ರೂಪಾಯಿಗಿಂತ ಹೆಚ್ಚು ನಗದನ್ನು ದಾಖಲೆಯಿಲ್ಲದೆ ಒಯ್ಯುವವರನ್ನು ಚೆಕ್‌ಪೋಸ್ಟ್‌ನಲ್ಲಿ ತಡೆಯುವುದು ಸರಿಯಾದ ಕ್ರಮವೇ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ತೋಟದ ಲೈನ್ ಮನೆಗಳ, ಅಂದರೆ ಕೂಲಿಕಾರರ ಸಾಲುಮನೆಗಳ, ಮಕ್ಕಳಿಗಾಗಿ ಚಂದಾ ಎತ್ತಿ ಕೊಂಡ ನೋಟ್‌ಪುಸ್ತಕ, ಕೊಡೆ, ರೈನ್‌ಕೋಟ್‌ಗಳ ಮೂಟೆಯನ್ನೂ ಪೊಲೀಸರು ಬಿಚ್ಚಿಸಿ, ‘ಇದು ಯಾವ ಪಕ್ಷದ್ದು?’ ಎಂದು ಕೇಳುತ್ತಾರೆ. ಯಾವ ಪಕ್ಷದ್ದೂ ಅಲ್ಲವೆಂದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಪಕ್ಷದ್ದೆಂದಿದ್ದರೆ ಅವರಿಗೆ ಕನಿಷ್ಠ ಕಾರಣವಾದರೂ ತಿಳಿಯುತ್ತಿತ್ತು. ಲಾಭವಿಲ್ಲದೆ ಕೊಡುವವನನ್ನು ಯಾವ ಕಲಮಿನಡಿ ಹಾಕಬೇಕೆಂದು ಪಾಪ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಬಣ್ಣದ ಸಮಸ್ಯೆ ಬೇರೆ. ಕೇಸರಿ ರೈನ್‌ಕೋಟ್ ಒಬ್ಬರದು, ಹಸಿರು ಇನ್ನೊಬ್ಬರದು, ನೀಲಿಯೂ ಈಗ ಖಾಲಿಯಿಲ್ಲ. ಕಪ್ಪನ್ನು ಆರಿಸಿಕೊಂಡರೆ ಪ್ರತಿಭಟನೆಯೆಂದು ಭಾವಿಸುತ್ತಾರೆ. ಕಮಲದ ಚಿತ್ರವಿರುವ ನೋಟ್‌ಪುಸ್ತಕ ಕೊಡುವಂತಿಲ್ಲ, ಕೈ ಮುಗಿದು ಸ್ವಾಗತಿಸುವ ಚಿತ್ರವಿದ್ದರೆ ಅದನ್ನೂ ಎರಡು ಬಾರಿ ನೋಡಬೇಕು. ಚುನಾವಣಾ ಆಯೋಗದ ಮುಕ್ತ ಚಿಹ್ನೆಗಳ ಪಟ್ಟಿಯಲ್ಲಿ ಶಾಲಾ ಚೀಲ, ಸ್ಲೇಟು, ಪೆನ್ಸಿಲ್ ಡಬ್ಬಿ ಎಲ್ಲವೂ ಇವೆ. ಹಾಗಾಗಿ ಒಂದನೇ ತರಗತಿಗೆ ಸೇರುವ ಹುಡುಗಿಗೆ ಚೀಲ, ಸ್ಲೇಟು, ಡಬ್ಬಿ ಕೊಟ್ಟ ಮಹಾನುಭಾವನು ಏಕಕಾಲಕ್ಕೆ ಮೂವರು ಪಕ್ಷೇತರರ ಪರ ಪ್ರಚಾರ ಮಾಡಿದ ಅಪರಾಧಿಯಾಗಬಹುದು. ಬರಿಗೈಯಲ್ಲಿ ಹೋಗಿ ಮಕ್ಕಳನ್ನು ಆಶೀರ್ವದಿಸಿ ಬರೋಣವೆಂದರೆ, ಕೈ ಎತ್ತುವುದೂ ಕಷ್ಟ.

ಇನ್ನು ದಾನಿಗಳ ವಿಷಯ. ಕಾಫಿ ಕೊಯ್ಲಿನ ಕಾಲದಲ್ಲಿ ಕೇಳಿದರೆ ‘ಕಾಫಿ ಇನ್ನೂ ಮಾರಿಲ್ಲ’ ಎನ್ನುತ್ತಾರೆ. ಮಾರಿದ ಮೇಲೆ ಕೇಳಿದರೆ ‘ಎಲೆಕ್ಷನ್ ಮುಗಿಯಲಿ’ ಎನ್ನುತ್ತಾರೆ. ಎಲೆಕ್ಷನ್‌ಗೂ ರೈನ್‌ಕೋಟಿಗೂ ಏನು ಸಂಬಂಧವೆಂದು ಕೇಳುವ ಧೈರ್ಯ ಚಂದಾ ಪುಸ್ತಕ ಹಿಡಿದವನಿಗೆ ಇರುವುದಿಲ್ಲ. ಅದೇ ಮನೆಯ ಜಗಲಿಯಲ್ಲಿ ಮರುದಿನ ಅಭ್ಯರ್ಥಿ ಕುಳಿತಿರುತ್ತಾರೆ, ಮತ್ತು ಅವರಿಗೆ ಯಾರೂ ‘ಮುಗಿಯಲಿ’ ಎಂದು ಹೇಳುವುದಿಲ್ಲ. ಇದರಲ್ಲಿ ದಾನಿಗಳನ್ನು ಮಾತ್ರ ದೂರುವುದು ತಪ್ಪು, ಏಕೆಂದರೆ ಕಾನೂನೇ ದಾರಿ ತೋರಿಸಿದೆ. ಆದಾಯ ತೆರಿಗೆ ಕಾಯ್ದೆಯಡಿ ಸಾಮಾನ್ಯ ಧರ್ಮಾರ್ಥ ಸಂಸ್ಥೆಗೆ ಸಾವಿರ ರೂಪಾಯಿ ಕೊಟ್ಟವರಿಗೆ ಐನೂರರ ಮೇಲೆ ಮಾತ್ರ ವಿನಾಯಿತಿ; ಅದೇ ಸಾವಿರವನ್ನು ಚೆಕ್ಕಿನಲ್ಲಿ ರಾಜಕೀಯ ಪಕ್ಷಕ್ಕೆ ಕೊಟ್ಟರೆ ಪೂರ್ತಿ ಸಾವಿರಕ್ಕೂ ವಿನಾಯಿತಿ. ಮಕ್ಕಳ ಅರ್ಧ ಪುಣ್ಯಕ್ಕಿಂತ ಪಕ್ಷದ ಪೂರ್ಣ ಪುಣ್ಯವೇ ಲೇಸೆಂದು ಲೆಕ್ಕಪರಿಶೋಧಕರು ಹೇಳದೆ ಇನ್ನೇನು ಹೇಳಿಯಾರು?

2024ರ ಫೆಬ್ರುವರಿಯಲ್ಲಿ ಆಯೋಗವು, ಪ್ರಚಾರದಲ್ಲಿ ಮಕ್ಕಳನ್ನು ಯಾವ ರೀತಿಯಲ್ಲೂ ಬಳಸಬಾರದೆಂದು ಪಕ್ಷಗಳಿಗೆ ನಿರ್ದೇಶನ ಕೊಟ್ಟಿತು. ಮಗುವನ್ನು ಎತ್ತಿಕೊಂಡು ಫೋಟೊಕ್ಕೆ ನಗುವುದೂ ನಿಷಿದ್ಧವಾಯಿತು. ಒಳ್ಳೆಯ ನಿಯಮ, ಆದರೆ ಅದರಿಂದ ಆದ ಪರಿಣಾಮವೇನೆಂದರೆ ಲೈನ್ ಮನೆಯ ಬಾಗಿಲಿಗೆ ಅಭ್ಯರ್ಥಿಗಳು ಬರಲು ಇದ್ದ ಕೊನೆಯ ನೆಪವೂ ಹೋಯಿತು. ಅಲ್ಲಿನ ಮಕ್ಕಳಿಗೆ ಮತವಿಲ್ಲ. ಅಸ್ಸಾಮಿನಿಂದ ಬಂದು ಕಾಫಿ ಕೊಯ್ಯುವ ಅವರ ತಂದೆತಾಯಿಗಳಲ್ಲಿ ಅನೇಕರ ಮತವೂ ಇಲ್ಲಿಲ್ಲ. ಮತವಿರುವ ಬುಡಕಟ್ಟು ಜನರ ಹಾಡಿಗಳಿಗೆ ಐದು ವರ್ಷಕ್ಕೊಮ್ಮೆ ಜೀಪು ಏರಿ ಬರುತ್ತದೆ, ಮಳೆ ಹಿಡಿಯುವ ಮೊದಲು ಇಳಿದು ಹೋಗುತ್ತದೆ. ಒಬ್ಬ ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಲು ಅವಕಾಶವಿರುವ ಜಿಲ್ಲೆಯಲ್ಲಿ, ಜೂನ್ ತಿಂಗಳಿನಲ್ಲಿ ಒದ್ದೆ ಬಟ್ಟೆಯಲ್ಲಿ ಶಾಲೆಯ ಬೆಂಚಿನ ಮೇಲೆ ನಡುಗುತ್ತ ಕೂರುವ ಮಗುವಿಗಾಗಿ ನಾವು ಮನೆಮನೆ ತಿರುಗಿ ಬೇಡಬೇಕು, ಬೇಡಿದ್ದಕ್ಕೆ ಪೊಲೀಸರಿಗೆ ಉತ್ತರ ಕೊಡಬೇಕು. ಇದನ್ನು ತಮಾಷೆಯಾಗಿ ಬರೆಯುವ ಶಕ್ತಿ ನನಗೆ ಈಗ ಇಲ್ಲ. ನಾಚಿಕೆಯಾಗಬೇಕು, ಅಷ್ಟೇ.

ಚಂದಾ ಪುಸ್ತಕ ಇನ್ನೂ ತೆರೆದೇ ಇದೆ. ಕೊಡುವವರಿಗೆ ಅರ್ಧ ವಿನಾಯಿತಿಯ ರಸೀದಿ ಸಿಗುತ್ತದೆ. ಫೋಟೊ ತೆಗೆಯುವ ವ್ಯವಸ್ಥೆ ಇರುವುದಿಲ್ಲ.