ಓಟ ಮೂರು ಕಿಲೋಮೀಟರ್, ಭಾಷಣ ಮ್ಯಾರಥಾನ್

ಮೊನ್ನೆಯ ಪೇಪರಿನಲ್ಲಿ ನೀವೂ ನೋಡಿರಬೇಕು. ನಮ್ಮೂರಿನ ಮ್ಯಾರಥಾನ್ ಮುಂದಿನ ವರ್ಷದಿಂದ ಅಂತರರಾಷ್ಟ್ರೀಯ ಮಟ್ಟದ್ದಾಗುತ್ತದಂತೆ. ಸುದ್ದಿಯ ಜೊತೆಗೆ ಹೋದ ತಿಂಗಳ ಓಟದ ಫೋಟೊ. ಅದರಲ್ಲಿ ಹದಿನೇಳು ಜನ, ಹದಿನೇಳೂ ಜನರ ಕೈ ಒಂದೇ ಹಸಿರು ಬಾವುಟದ ಮೇಲೆ. ಓಡುವವರು ಯಾರೂ ಕಾಣುವುದಿಲ್ಲ. ಬಲಗಡೆ ಮೂಲೆಯಲ್ಲಿ ಒಂದು ಮೊಣಕೈ ಇದೆ. ಅದು ನನ್ನದು ಅಂತ ಹೆಂಡತಿಗೆ ತೋರಿಸಿದೆ. ಅವಳು ನಂಬಲಿಲ್ಲ.

ಅಂತರರಾಷ್ಟ್ರೀಯ ಅನ್ನುವ ಮಾತಿಗೆ ಆಧಾರ ಇಲ್ಲದಿಲ್ಲ. ಈ ಸಲವೇ ಸಮಿತಿಯ ಕಾರ್ಯದರ್ಶಿಗಳ ಅಳಿಯ ಓಡಿದ್ದರು. ಅವರು ಇರುವುದು ಅಮೆರಿಕದಲ್ಲಿ.

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಈ ಚಿಲ್ಲರೆ ಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ಓಟ ವಿಂಡ್ಸರ್ ಅರಮನೆಯಲ್ಲಿ ಶುರುವಾಗಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಎದುರು ಮುಗಿಯಬೇಕಿತ್ತು. ಅಳೆದರೆ ಅಷ್ಟಾಯಿತು. 1921ರಲ್ಲಿ ಅದನ್ನೇ ಖಾಯಂ ಮಾಡಿದರು. ದೊಡ್ಡವರ ಕುರ್ಚಿ ಎಲ್ಲಿದೆಯೋ ಓಟ ಅಲ್ಲಿಗೆ ಬರಬೇಕು ಅನ್ನುವುದು ನಮ್ಮ ಸಮಿತಿ ಕಂಡುಹಿಡಿದದ್ದಲ್ಲ, ಪಾಪ.

ಅವರು ಎಳೆದು ಉದ್ದ ಮಾಡಿದರು, ನಾವು ಕತ್ತರಿಸಿ ಚಿಕ್ಕದು ಮಾಡಿಕೊಂಡೆವು. ಮತದಾನ ಜಾಗೃತಿಗೆ ಮೂರು ಕಿಲೋಮೀಟರ್ ಮ್ಯಾರಥಾನ್. ಸಕ್ಕರೆ ಕಾಯಿಲೆ ಜಾಗೃತಿಗೆ ಎರಡು ಕಿಲೋಮೀಟರ್ ಮ್ಯಾರಥಾನ್, ಮುಗಿದ ಮೇಲೆ ಎಲ್ಲರಿಗೂ ಕೇಸರಿಬಾತ್. ಅದೇ ಪೇಪರಿನ ಪಕ್ಕದ ಕಾಲಂ ನೋಡಿ. 'ನಾಯಕರ ಮ್ಯಾರಥಾನ್ ಸಭೆ, ಮಧ್ಯರಾತ್ರಿವರೆಗೂ ಚರ್ಚೆ' ಅಂತ ಇರುತ್ತದೆ. ಕನ್ನಡದಲ್ಲಿ ಆ ಪದವನ್ನು ಅದರ ಸರಿಯಾದ ಉದ್ದಕ್ಕೆ ಬಳಸುವುದು ಕೂತು ಮಾತಾಡುವವರ ಬಗ್ಗೆ ಬರೆಯುವಾಗ ಮಾತ್ರ.

ನಾನು ಹೆಸರು ಕೊಟ್ಟದ್ದು ಹಾಫ್‌ಗೆ. ಅಂದರೆ ಅರ್ಧ ಮ್ಯಾರಥಾನ್, 21 ಕಿಲೋಮೀಟರು, ಮೇಲೆ ಚೂರು. ಶುರು ಬೆಳಿಗ್ಗೆ ಐದೂವರೆಗೆ ಅಂದಿದ್ದರು. ನಾವು ಮೂರಕ್ಕೆ ಎದ್ದು, ಬಾಳೆಹಣ್ಣು ತಿಂದು, ಚೆಸ್ಟ್ ನಂಬರ್ ಚುಚ್ಚಿಕೊಂಡು ಹೋದೆವು. ನಂಬರಿಗೆ ನಾಲ್ಕು ಮೂಲೆ, ಕೊಟ್ಟದ್ದು ಎರಡು ಪಿನ್ನು. ಟೀ ಶರ್ಟ್‌ಗಳಲ್ಲಿ ಉಳಿದದ್ದು ಡಬಲ್ ಎಕ್ಸೆಲ್ ಮಾತ್ರ. ಅದರ ಮೇಲೆ ಅಷ್ಟೂ ಪ್ರಾಯೋಜಕರ ಹೆಸರು ಹಿಡಿಸಬೇಕಿತ್ತಲ್ಲ, ಚಿಕ್ಕ ಸೈಜ್ ಮಾಡಿಸಿದರೆ ಯಾರನ್ನು ಬಿಡುವುದು? ಎರಡು ಮೊಬೈಲ್ ಶೌಚಾಲಯ ಬಂದಿದ್ದವು. ಒಂದಕ್ಕೆ ಬೀಗ, 'ಗಣ್ಯರಿಗೆ' ಅಂತ ಚೀಟಿ. ಇನ್ನೊಂದರ ಎದುರು ನಿಂತ ಸಾಲು ಅವತ್ತಿನ ಅತಿ ಶಿಸ್ತಿನ ಕಾರ್ಯಕ್ರಮ.

ಮುಖ್ಯ ಅತಿಥಿಗಳು ಬಂದದ್ದು ಏಳು ಇಪ್ಪತ್ತಕ್ಕೆ.

ಅಲ್ಲಿಯವರೆಗೂ ನಮಗೆ ಝುಂಬಾ ಮಾಡಿಸಿದರು. ವೇದಿಕೆಯ ಮೇಲೆ ಒಬ್ಬ ಹುಡುಗ ಕುಣಿಯುತ್ತಿದ್ದ, ಕೆಳಗೆ ಎಂಟುನೂರು ಜನ ಅವನಂತೆ ಕೈ ಬೀಸುತ್ತಿದ್ದೆವು. ಒಂದು ಗಂಟೆ ಐವತ್ತು ನಿಮಿಷ. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ತಮ್ಮ ಕೈಗಡಿಯಾರ ನೋಡಿ, 'ಇಲ್ಲೇ ಆರು ಸಾವಿರ ಹೆಜ್ಜೆ ಆಯ್ತು ಕಣ್ರೀ, ಸರ್ಟಿಫಿಕೇಟ್ ಕೊಟ್ರೆ ಹೊರಟುಬಿಡ್ತೀನಿ' ಅಂದರು. ಫೆಬ್ರುವರಿ ಕೊನೆ. ನಮ್ಮ ಬಯಲುಸೀಮೆಯಲ್ಲಿ ಏಳೂವರೆಗೆ ಬಿಸಿಲು ಬಂದು ಹೆಗಲ ಮೇಲೆ ಕೂರುತ್ತದೆ. ದೂರದ ಓಟವನ್ನು ಕತ್ತಲಲ್ಲಿ ಶುರುಮಾಡುವುದು ಅದಕ್ಕೇ ಅನ್ನುವುದು ಓಡುವವರಿಗೆಲ್ಲ ಗೊತ್ತು. ಆದರೆ ಓಡುವವರನ್ನು ಯಾರು ಕೇಳುತ್ತಾರೆ?

ಆಮೇಲೆ ಸ್ವಾಗತ, ಪ್ರಾರ್ಥನೆ, ಶಾಲು, ಮೈಸೂರು ಪೇಟ, ಹಾರ. ವೇದಿಕೆಯಲ್ಲಿದ್ದವರ ಹೆಸರಿನ ಪಟ್ಟಿ ಹನುಮಂತನ ಬಾಲ. ಅತಿಥಿಗಳು ಆರೋಗ್ಯವೇ ಭಾಗ್ಯ ಅಂದರು. ತಾವೂ ದಿನಾ ಓಡುತ್ತೇವೆ, ಆದರೆ ಜನಸೇವೆಗಾಗಿ ಅಂದರು. ಅದು ಸುಳ್ಳಲ್ಲ. ಓಟಿನ ಸಮಯದಲ್ಲಿ ನಾವೇ ಕಣ್ಣಾರೆ ಕಂಡಿದ್ದೇವಲ್ಲ. ಓಟಕ್ಕೂ ಓಟಿಗೂ ನಡುವೆ ಇರುವುದು ಒಂದು ಕೊಂಬು ಮಾತ್ರ, ಆ ಕೊಂಬು ಯಾರ ತಲೆ ಮೇಲಿದೆ ಅನ್ನುವುದು ಬೇರೆ ಮಾತು.

ಬಾವುಟ ಬೀಸಿದ ಮೇಲೆ ಕ್ಯಾಮೆರಾಕ್ಕೋಸ್ಕರ ಅವರೂ ಸ್ವಲ್ಪ ಓಡಿದರು. ಸುತ್ತ ಗನ್‌ಮ್ಯಾನ್‌ಗಳು, ಹಿಂದೆ ಹಿಂಬಾಲಕರು, ಅವರ ಹಿಂದೆ ನಾವು. ಮೊದಲ ಇನ್ನೂರು ಮೀಟರ್ ಎಲ್ಲರೂ ನಡೆದೆವು. ಸಾಹೇಬರನ್ನು ಹಿಂದೆ ಹಾಕುವ ಧೈರ್ಯ ಯಾರಿಗಿದೆ?

ಇನ್ನು ದಾರಿ. ಓಟದ ದಾರಿ ಅಳೆಯುವುದಕ್ಕೆ ಜಗತ್ತಿನಲ್ಲಿ ಒಂದು ಕ್ರಮ ಇದೆ. ಸೈಕಲ್ಲಿನ ಮುಂದಿನ ಚಕ್ರಕ್ಕೆ ಎಣಿಸುವ ಯಂತ್ರ ಕಟ್ಟುತ್ತಾರೆ. ಟೇಪು ಹಿಡಿದು ಅಳೆದ ದೂರದ ಮೇಲೆ ಆ ಸೈಕಲ್ ತುಳಿದು ಲೆಕ್ಕ ಸರಿಮಾಡಿಕೊಳ್ಳುತ್ತಾರೆ. ಆಮೇಲೆ ದಾರಿ ಅಳೆಯುತ್ತಾರೆ. ಕಮ್ಮಿ ಬೀಳಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ನಮ್ಮಲ್ಲಿ ಅಳೆದದ್ದು ಕಾರ್ಯದರ್ಶಿಗಳ ಸ್ಕೂಟರ್. ಮಧ್ಯದಲ್ಲಿ ಅವರು ಪೆಟ್ರೋಲ್ ಹಾಕಿಸಲು ಬಂಕಿಗೆ ಹೋಗಿ ಬಂದದ್ದು ಹತ್ತನೇ ಕಿಲೋಮೀಟರಿನ ಲೆಕ್ಕದಲ್ಲಿ ಸೇರಿದೆ ಅಂತ ಊರೆಲ್ಲ ಹೇಳುತ್ತದೆ.

ಹಾಫ್‌ನವರು ಬೈಪಾಸ್ ದಾಟಿ ಒಂದು ಕೋನ್ ಸುತ್ತಿ ಹಿಂದೆ ಬರಬೇಕಿತ್ತು. ಆ ಕೋನನ್ನು ಯಾರೋ ಪುಣ್ಯಾತ್ಮರು ತಮ್ಮ ಲಗೇಜ್ ಆಟೋ ನಿಲ್ಲಿಸಲು ಎತ್ತಿ ಪಕ್ಕಕ್ಕಿಟ್ಟಿದ್ದರು. ಕಾಯಬೇಕಿದ್ದ ಎನ್ನೆಸ್ಸೆಸ್ ಹುಡುಗ ತಿಂಡಿಗೆ ಹೋಗಿದ್ದ. ಅವನನ್ನು ಬೈಯಲಾರೆ, ನಾಲ್ಕು ಗಂಟೆಯಿಂದ ನಿಂತಿದ್ದನಂತೆ. ನಾವು ಓಡುತ್ತಲೇ ಹೋದೆವು. ಮುಂದಿನ ಊರಿನ ಸ್ವಾಗತ ಕಮಾನು ಕಂಡಾಗ ಅನುಮಾನ ಬಂತು. ಇನ್ನೊಬ್ಬ ಹುಡುಗ ಬೈಕಿನಲ್ಲಿ ಅಟ್ಟಿಸಿಕೊಂಡು ಬಂದು, 'ಅಂಕಲ್, ವಾಪಸ್ ಬನ್ನಿ, ಓಟ ಆ ಕಡೆ' ಅಂದ. ಕೊನೆಗೆ ನನ್ನ ಗಡಿಯಾರ ತೋರಿಸಿದ್ದು 24.3. ಹತ್ತು ಕಿಲೋಮೀಟರ್ ಓಡಿದವರ ಗಡಿಯಾರದಲ್ಲಿ 8.7. ಸಮಿತಿಯವರನ್ನು ಕೇಳಿದರೆ, 'ಒಟ್ಟಾರೆ ಸರಿ ಹೋಯ್ತಲ್ಲ ಬಿಡಿ ಸಾರ್' ಅಂದರು.

ನಮ್ಮವರೊಬ್ಬರೇ ಹೀಗೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 2013ರಿಂದ 2015ರವರೆಗೆ ಮೂರು ವರ್ಷ 380 ಮೀಟರ್ ಕಮ್ಮಿ ಓಡಿಸಿದ್ದರು. ಆಮೇಲೆ ಗೊತ್ತಾಗಿ ಸಾವಿರಾರು ಜನರ ಟೈಮಿಂಗ್ ಲೆಕ್ಕಕ್ಕಿಲ್ಲದೆ ಹೋಯಿತು. 2015ರಲ್ಲಿ ಬ್ಯಾಂಕಾಕ್‌ನಲ್ಲಿ ಹಾಫ್ ಓಡುವವರನ್ನು ತಪ್ಪು ಜಾಗದಲ್ಲಿ ತಿರುಗಿಸಿ ಸುಮಾರು ಆರು ಕಿಲೋಮೀಟರ್ ಜಾಸ್ತಿ ಓಡಿಸಿದರು. ಆದರೆ ಅಲ್ಲಿಯವರು ಕ್ಷಮೆ ಕೇಳಿಬಿಟ್ಟರು. ಕ್ಷಮೆ ಕೇಳುವ ಮಟ್ಟಕ್ಕೆ ನಾವು ಇಳಿಯುವುದಿಲ್ಲ.

ನನ್ನ ಅನುಮಾನ, ನಮ್ಮ ಸಮಿತಿ 1904ರ ಸೇಂಟ್ ಲೂಯಿ ಒಲಿಂಪಿಕ್ಸ್ ಅನ್ನು ಚೆನ್ನಾಗಿ ಓದಿಕೊಂಡಿದೆ. ಆ ಮ್ಯಾರಥಾನ್ ಶುರುವಾದದ್ದು ಮಧ್ಯಾಹ್ನದ ಬಿಸಿಲಲ್ಲಿ, ದೂಳಿನ ರಸ್ತೆಯಲ್ಲಿ. ಇಡೀ ದಾರಿಯಲ್ಲಿ ನೀರು ಸಿಗುತ್ತಿದ್ದದ್ದು ಒಂದೆರಡು ಕಡೆ ಮಾತ್ರ. ನೀರಿಲ್ಲದೆ ಮನುಷ್ಯ ಎಷ್ಟು ದೂರ ಓಡಬಲ್ಲ ಅಂತ ನೋಡುವ ಆಸೆ ಅಲ್ಲಿನ ಮುಖ್ಯ ಆಯೋಜಕರಿಗಿತ್ತಂತೆ. ಓಡಿದವರು 32 ಜನ, ಮುಟ್ಟಿದವರು 14. ಫ್ರೆಡ್ ಲಾರ್ಜ್ ಅನ್ನುವವನು ಸುಸ್ತಾಗಿ ಕಾರು ಹತ್ತಿ, ಆ ಕಾರು ಕೆಟ್ಟ ಮೇಲೆ ಇಳಿದು ಓಡಿ ಮೊದಲು ಬಂದ. ಗೆದ್ದವನು ಅಂತ ಆಮೇಲೆ ಘೋಷಿಸಿದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಅವನ ಕಡೆಯವರು ಸ್ಟ್ರಿಕ್ನೀನ್ ಕುಡಿಸಿದ್ದರು. ಅದು ಇಲಿ ಪಾಷಾಣದ ಜಾತಿ. ಮೇಲೆ ಬ್ರಾಂದಿ. ಕ್ಯೂಬಾದಿಂದ ಬಂದ ಕಾರ್ವಹಾಲ್ ಅನ್ನುವ ಪೋಸ್ಟ್‌ಮ್ಯಾನ್ ಹಸಿವಾಗಿ ತೋಟದ ಸೇಬು ತಿಂದು, ಹೊಟ್ಟೆ ಕೆಟ್ಟು, ಮಲಗಿ, ಎದ್ದು, ಮತ್ತೆ ಓಡಿ ನಾಲ್ಕನೆಯವನಾದ. ದಕ್ಷಿಣ ಆಫ್ರಿಕಾದವನೊಬ್ಬನನ್ನು ನಾಯಿ ಅಟ್ಟಿಸಿಕೊಂಡು ಹೋಯಿತು. ನಾಯಿಯ ವಿಷಯದಲ್ಲಿ ಮಾತ್ರ ನಾವು ಅವರಿಗಿಂತ ಮುಂದೆ. ಎಪಿಎಂಸಿ ಹಿಂದಿನ ರಸ್ತೆಯಲ್ಲಿ ನಮಗೆ ಒಂಬತ್ತು ಇದ್ದವು.

ನೀರಿನ ಸ್ಟಾಲ್ ಎರಡು ಕಿಲೋಮೀಟರಿಗೊಂದು ಅಂತ ಕರಪತ್ರದಲ್ಲಿತ್ತು. ಸ್ಟಾಲ್ ನಿಜವಾಗಿಯೂ ಇತ್ತು. ಟೇಬಲ್ ಇತ್ತು, ಮೇಲೆ ಬಟ್ಟೆ ಇತ್ತು, ಹಿಂದೆ ಫ್ಲೆಕ್ಸ್ ಇತ್ತು. ನೀರಿನ ಗಾಡಿ ವೇದಿಕೆಯ ಹಿಂದೆ ಕಾರುಗಳ ನಡುವೆ ಸಿಕ್ಕಿಕೊಂಡಿತ್ತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಓಟಗಾರ್ತಿ ಒ.ಪಿ. ಜೈಶಾ ಮ್ಯಾರಥಾನ್ ಮುಗಿಸಿ ಕುಸಿದುಬಿದ್ದದ್ದು ನೆನಪಿದೆಯಲ್ಲ? ನಮ್ಮ ದೇಶದ ಟೇಬಲ್ಲುಗಳಲ್ಲಿ ಹೆಸರು, ಬಾವುಟ ಬಿಟ್ಟರೆ ಏನೂ ಇರಲಿಲ್ಲ ಅಂದರು ಅವರು. ಬೇಡ ಅಂದವರೇ ಅವರು ಅಂತ ಅಥ್ಲೆಟಿಕ್ಸ್ ಫೆಡರೇಷನ್ ಅಂದಿತು. ಯಾರ ಮಾತು ನಿಜವೋ, ಟೇಬಲ್ ಮಾತ್ರ ನಮಗೆ ಚೆನ್ನಾಗಿ ಗೊತ್ತಿರುವ ಟೇಬಲ್.

ಹದಿನೇಳನೇ ಕಿಲೋಮೀಟರಿನಲ್ಲಿ ನಾನು ಒಂದು ಗೂಡಂಗಡಿ ಎದುರು ನಿಂತುಬಿಟ್ಟೆ. ಎರಡು ಬಾಟಲಿ ನೀರು ಕೇಳಿದೆ. ಕುಡಿದ ಮೇಲೆ ಜೇಬು ನೆನಪಾಯಿತು. ಚಡ್ಡಿಗೆ ಜೇಬೇ ಇರಲಿಲ್ಲ. ಅಂಗಡಿಯವನ ತಲೆ ಮೇಲೆ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು. ಅವನು ಒಂದು ಸಲ ಬೋರ್ಡು ನೋಡಿದ, ಒಂದು ಸಲ ನನ್ನ ಎದೆ ನೋಡಿದ. ಚೀಟಿಯಲ್ಲಿ 'ನಲವತ್ತು, ನಂಬರ್ 318' ಅಂತ ಬರೆದುಕೊಂಡು, 'ಹೋಗಿ ಬನ್ನಿ' ಅಂದ. ಆ ಚೆಸ್ಟ್ ನಂಬರಿನಿಂದ ಅವತ್ತು ಆದ ಒಂದೇ ಉಪಯೋಗ ಅದು. ಫಲಿತಾಂಶದ ಪಟ್ಟಿಯಲ್ಲಿ 318 ಇಲ್ಲ.

ಕರಾವಳಿಯ ಕಂಬಳ ನೋಡಿದ್ದೀರಾ? ಕೋಣಗಳಿಗೆ ಎಣ್ಣೆ ತಿಕ್ಕುತ್ತಾರೆ, ಹುರುಳಿ ಬೇಯಿಸಿ ಹಾಕುತ್ತಾರೆ. ಓಡಿ ಬಂದ ತಕ್ಷಣ ಮೈಗೆ ನೀರು ಹೊಯ್ಯುತ್ತಾರೆ. ಸಮಯವನ್ನು ಸೆಕೆಂಡಿನ ನೂರನೇ ಭಾಗದವರೆಗೆ ಹಿಡಿಯುತ್ತಾರೆ. 2020ರಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡ ಅವುಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು ನೂರಕ್ಕೆ ಇಳಿಸಿ ಉಸೇನ್ ಬೋಲ್ಟ್ ಪಕ್ಕ ನಿಲ್ಲಿಸಿ ದೇಶವೆಲ್ಲ ಕುಣಿಯಿತು. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಅಲ್ಲೂ ಕಾರ್ಯಕ್ರಮ ತಡವಾಗುತ್ತದೆ, ಸನ್ಮಾನಗಳು ಇರುತ್ತವೆ, ಒಪ್ಪಿದೆ. ಆದರೆ ಭಾಷಣ ಮುಗಿಯುವವರೆಗೂ ಕೋಣಕ್ಕೆ ಝುಂಬಾ ಮಾಡಿಸುವುದಿಲ್ಲ. ಮಾಡಿಸಿ ನೋಡಲಿ, ಯಜಮಾನರು ಸುಮ್ನೆ ಬಿಡುತ್ತಾರಾ? ನಮಗೆ ಅಂಥ ಯಜಮಾನರಿಲ್ಲ.

ರೈಲ್ವೆ ಗೇಟಿನ ಹತ್ತಿರ ಒಬ್ಬರು ತಲೆ ಸುತ್ತಿ ಬಿದ್ದರು. ಆಂಬುಲೆನ್ಸ್ ಎಲ್ಲಿ ಅಂದರೆ, ನೀರಿನ ಗಾಡಿಯ ಪಕ್ಕದಲ್ಲೇ ಇತ್ತು. ಅವರನ್ನು ಆಸ್ಪತ್ರೆಗೆ ಸಾಗಿಸಿದ್ದು ಟೊಮೆಟೊ ಗಾಡಿಯವನು. ಎರಡು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಸಂಜೆಗೆ ಮನೆಗೆ ಹೋದರು. ಆಂಬುಲೆನ್ಸ್ ಆಸ್ಪತ್ರೆಗೆ ಬಂತು, ಅವರು ಹೊರಟ ಮೇಲೆ. ಊಟಕ್ಕಿಲ್ಲದ ಉಪ್ಪಿನಕಾಯಿ.

ಮಹಿಳೆಯರ ಹತ್ತು ಕಿಲೋಮೀಟರಿನಲ್ಲಿ ಮೊದಲು ಬಂದವಳು ಪಕ್ಕದ ತಾಲ್ಲೂಕಿನ ಹಾಸ್ಟೆಲ್ ಹುಡುಗಿ. ಕಾನ್‌ಸ್ಟೇಬಲ್ ಆಗಬೇಕು ಅಂತ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಓಡುತ್ತಾಳೆ. ಶೂ ಬಾಯಿ ಬಿಟ್ಟಿತ್ತು, ಹುರಿ ಸುತ್ತಿ ಕಟ್ಟಿದ್ದಳು. ಬಹುಮಾನ ಐದು ಸಾವಿರ. ಗಂಡಸರಿಗೆ ಹತ್ತು, ಯಾಕೆ ಅಂತ ನನ್ನನ್ನು ಕೇಳಬೇಡಿ. ಬಾಗಿಲಿನಷ್ಟು ದೊಡ್ಡ ಥರ್ಮಾಕೋಲ್ ಚೆಕ್ಕು ಕೊಟ್ಟು ಫೋಟೊ ತೆಗೆದರು. ಫೋಟೊ ಆದ ಮೇಲೆ ಚೆಕ್ಕು ವಾಪಸ್ ತೆಗೆದುಕೊಂಡರು. ಹೆಸರಿನ ಸ್ಟಿಕ್ಕರ್ ಕಿತ್ತು ಮುಂದಿನವರಿಗೆ ಕೊಡಬೇಕಿತ್ತು. ಪರಿಸರ ಸ್ನೇಹಿ ಮ್ಯಾರಥಾನ್ ಅಂತ ಸುಮ್ನೆ ಹೆಸರಿಟ್ಟಿರಲಿಲ್ಲ.

ನಿಜವಾದ ದುಡ್ಡಿಗೆ ಆಧಾರ್ ಜೆರಾಕ್ಸ್, ಪಾಸ್‌ಬುಕ್ ಜೆರಾಕ್ಸ್, ಶಾಲೆಯ ಪತ್ರ ಬೇಕು ಅಂದರು. ಅವಳ ಪಿಟಿ ಮೇಷ್ಟ್ರು ನನಗೆ ಪರಿಚಯ. ಎರಡು ಸಲ ಅವಳನ್ನು ಕರೆದುಕೊಂಡು ಬಂದು ತಿರುಗಿಹೋದರು. ಹುಡುಗಿಗೆ ಬಸ್ಸು ಫ್ರೀ, ಮೇಷ್ಟ್ರು ಕೈಯಿಂದ ಟಿಕೆಟ್ ತೆಗೆದುಕೊಂಡರು. ಒಂದು ಸಲ ಅಧ್ಯಕ್ಷರು ಊರಲ್ಲಿರಲಿಲ್ಲ. ಇನ್ನೊಂದು ಸಲ ಸಹಿ ಮಾಡುವವರು ಇರಲಿಲ್ಲ. ತಿಂಗಳಾಯಿತು. ಫ್ಲೆಕ್ಸ್‌ನವನಿಗೆ ದುಡ್ಡು ಹೋಗಿದೆ. ಡ್ರೋನ್ ಹಾರಿಸಿದವನಿಗೆ ಹೋಗಿದೆ. ಝುಂಬಾ ಹುಡುಗನಿಗೂ ಹೋಗಿದೆ, ಹೋಗಲಿ, ಅವನು ದುಡಿದಿದ್ದಾನೆ. ಅವಳೂ ದುಡಿದಿದ್ದಾಳಲ್ರೀ. ಅವಳ ಐದು ಸಾವಿರ ಕೊಡಿ. ನೀವು ಅಂತರರಾಷ್ಟ್ರೀಯ ಆಗಿ, ಅಂತರಿಕ್ಷಕ್ಕೇ ಹೋಗಿ, ನನಗೇನೂ ಬೇಜಾರಿಲ್ಲ. ಮೊದಲು ಅದನ್ನು ಕೊಡಿ. ಇದರಲ್ಲಿ ಹಾಸ್ಯ ಮಾಡುವುದಕ್ಕೂ ನನಗೆ ಬೇಸರ.

ಪೇಪರ್ ಓದಿದ ದಿನ ಸಂಜೆ ನನ್ನ ಸಾಲ ನೆನಪಾಗಿ ಆ ಗೂಡಂಗಡಿಗೆ ಹೋದೆ. ತಿಂಗಳು ತಡ ಮಾಡಿದ್ದಕ್ಕೆ ನಾಚಿಕೆಯಾಯಿತು, ನಾನೂ ಸಮಿತಿಯವನೇ ಅನ್ನಿಸಿತು. ಅಂಗಡಿಯವನು ಮ್ಯಾರಥಾನಿನ ಫ್ಲೆಕ್ಸ್ ಒಂದನ್ನು ಮುಂದೆ ಇಳಿಬಿಟ್ಟು ಬಿಸಿಲಿಗೆ ಮರೆ ಮಾಡಿಕೊಂಡಿದ್ದ. ಮುಖ್ಯ ಅತಿಥಿಗಳು ಕೈ ಮುಗಿದುಕೊಂಡು ಬಾಳೆಗೊನೆಗೆ ನೆರಳು ಕೊಡುತ್ತಿದ್ದರು. ನೂರರ ನೋಟು ಕೊಟ್ಟೆ. ಅವನು ಚೀಟಿ ಹುಡುಕಿ 318 ಅನ್ನು ಹೊಡೆದುಹಾಕಿದ.

'ಮುಂದಿನ ವರ್ಷಾನೂ ಓಡ್ತೀರಾ ಸಾರ್?'

'ಓಡ್ತೀನಪ್ಪ, ಇನ್ನೇನು ಮಾಡೋದು?'

'ಹಂಗಾದ್ರೆ ಈ ಅರವತ್ತು ನನ್ನತ್ರನೇ ಇರಲಿ' ಅಂದು ನೋಟನ್ನು ಡಬ್ಬಿಗೆ ಹಾಕಿದ. 'ಆಗಲೂ ನೀರು ಬೇಕಾಗತ್ತಲ್ಲ.'