ಬೆಂಚು ಅಲುಗುವ ಹೊತ್ತು

ಇಗರ್ಜಿಯಲ್ಲಿ ನಗು ಹೊರಡುವುದು ಬಾಯಿಂದಲ್ಲ, ಬೆಂಚಿನಿಂದ. ಒಂದೇ ಹಲಗೆಯ ಮೇಲೆ ಆರೇಳು ಜನ. ತುದಿಯವನು ನಗು ತಡೆಯಲು ಉಸಿರು ಬಿಗಿಹಿಡಿದರೆ ಹೆಗಲು ಕುಣಿಯುತ್ತದೆ, ಹಲಗೆ ನಡುಗುತ್ತದೆ, ನಡುಕ ಆಚೆ ತುದಿಯ ಅಜ್ಜಿಯ ಜಪಸರದವರೆಗೂ ಹೋಗುತ್ತದೆ. ಕಾರಣ ದೊಡ್ಡದೇನಲ್ಲ: ವಾಚನ ಓದುವವರು ಎರಡು ಪುಟ ಒಟ್ಟಿಗೆ ಮಗುಚಿದ್ದು, ಬಂದ್ ಮಾಡಲು ಮರೆತ ಮೈಕಿನಲ್ಲಿ ಫಾದರ್ ಸೀನಿದ್ದು. ಹೊರಗೆ ನಡೆದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಲ್ಲಿ ನಗಬಾರದು ಅನ್ನುವುದೇ ನಗುವಿಗೆ ಅರ್ಧ ಬಲ. ಪಕ್ಕದವರ ಮುಖ ನೋಡದಿರುವುದು ಒಂದೇ ಉಪಾಯ. ಕೆಮ್ಮಿನಲ್ಲಿ ಅಡಗಿಸಲು ಹೋದರೆ ಕೆಮ್ಮು ಮುಗಿಯುತ್ತದೆ, ನಗು ಉಳಿದಿರುತ್ತದೆ.

ಇದು ಪಾಪವೇ ಎಂದು ಕೇಳುವ ಮಕ್ಕಳಿಗೆ ಬೈಬಲಿನ ಇಸಾಕನ ಕಥೆ ಹೇಳಬೇಕು. 100 ವರ್ಷದ ಅಬ್ರಹಾಮನಿಗೆ, 90ರ ಸಾರಾಳಿಗೆ ಮಗುವಾಗುತ್ತದೆ ಎಂದು ದೇವರು ಹೇಳಿದಾಗ ಅಬ್ರಹಾಮ ಬೋರಲು ಬಿದ್ದು ನಕ್ಕ. ಸಾರಾ ಗುಡಾರದ ಬಾಗಿಲ ಮರೆಯಲ್ಲಿ ನಕ್ಕಳು. ಸಿಕ್ಕಿಬಿದ್ದಾಗ ‘ನಾನು ನಗಲಿಲ್ಲ’ ಅಂದಳು. ‘ಇಲ್ಲ, ನಕ್ಕೆ’ ಅಂದರು ದೇವರು. ಮಾತು ಅಲ್ಲಿಗೇ ನಿಂತಿತು, ಶಿಕ್ಷೆಯಿಲ್ಲ. ಹುಟ್ಟಿದ ಮಗುವಿನ ಹೆಸರಿಗೇ ಹೀಬ್ರೂವಿನಲ್ಲಿ ‘ನಗುತ್ತಾನೆ’ ಎಂದು ಅರ್ಥ.

ಯೇಸುಸ್ವಾಮಿ ಅತ್ತದ್ದು ಸುವಾರ್ತೆಯಲ್ಲಿದೆ, ನಕ್ಕದ್ದು ಇಲ್ಲ. ಇದನ್ನೇ ಹಿಡಿದು ಮುಖ ಗಂಟಿಕ್ಕುವವರು, ಸೊಳ್ಳೆ ಸೋಸಿ ಒಂಟೆ ನುಂಗುವವರೆಂದು ಕಪಟಿಗಳನ್ನು ಹಂಗಿಸಿದವರೂ ಯೇಸುವೇ ಎಂಬುದನ್ನು ಮರೆಯುತ್ತಾರೆ.

ಹೆಚ್ಚಿನ ಅಪಾಯ ಪ್ರಬೋಧನೆಯಲ್ಲಿ, ಅಂದರೆ ಪೂಜೆಯ ನಡುವೆ ಫಾದರ್ ಕೊಡುವ ಪ್ರವಚನದಲ್ಲಿ. ಅದು 8 ನಿಮಿಷ ಮೀರಬಾರದು, ಮೀರಿದರೆ ಜನ ನಿದ್ದೆ ಹೋಗುತ್ತಾರೆ ಎಂದು ಪೋಪ್ ಫ್ರಾನ್ಸಿಸ್ 2024ರ ಜೂನ್ 12ರಂದು ಹೇಳಿದರು. ಜೂನ್ 14ಕ್ಕೆ ಹಾಸ್ಯಗಾರರನ್ನೇ ವ್ಯಾಟಿಕನ್‌ಗೆ ಕರೆಸಿಕೊಂಡರು. ಬೈಬಲಿನಲ್ಲಿ ಸಂತ ಪೌಲರು ನಡುರಾತ್ರಿಯವರೆಗೆ ಮಾತಾಡಿದ್ದಕ್ಕೆ ಕಿಟಕಿಯಲ್ಲಿ ಕೂತ ಹುಡುಗನೊಬ್ಬ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲರು ಇಳಿದು ಬಂದು ಅವನನ್ನು ಬದುಕಿಸಿ, ಮತ್ತೆ ಮೇಲೆ ಹೋಗಿ, ಬೆಳಗಾಗುವವರೆಗೆ ಮಾತು ಮುಂದುವರಿಸಿದರು!

8 ನಿಮಿಷದಲ್ಲಿ ಒಂದು ಚಟಾಕಿಗೆ ಜಾಗವಿದೆ, ಎರಡಕ್ಕಿಲ್ಲ. ಅದೂ ಮಳೆಗಾಲ ನೋಡಿಕೊಂಡು. ಕಾರವಾರ, ಕುಮಟಾ ಕಡೆ ಆಷಾಢದ ಮಳೆ ಹಂಚಿನ ಮೇಲೆ ಹೊಯ್ಯುವಾಗ ಮಾತಿನ ಕೊನೆ ಮೂರನೇ ಸಾಲಿಗೂ ಮುಟ್ಟುವುದಿಲ್ಲ. ಮುಂದಿನವರು ನಕ್ಕರೆಂದು ಹಿಂದಿನವರು ನಗುವ ಹೊತ್ತಿಗೆ ಫಾದರ್ ನರಕದ ವಿಷಯಕ್ಕೆ ಬಂದಿರುತ್ತಾರೆ. ಕರಾವಳಿಯ ಕೊಂಕಣಿ ಚಟಾಕಿಯನ್ನು ಘಟ್ಟ ಹತ್ತಿಸಿ ಶಿರಸಿಯ ಕನ್ನಡ ಪೂಜೆಯಲ್ಲಿ ಬಿಡಿಸಿ ಹೇಳಹೊರಟರೆ ಅದಕ್ಕೇ ಮೂರು ನಿಮಿಷ; ನಗುವವರು ಕೊಂಕಣಿ ಬಲ್ಲವರು ಮಾತ್ರ.

ಮಾತಿಗೆ ಉಪ್ಪಿನ ಹದವಿರಲಿ ಎಂದು ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದವರೂ ಪೌಲರೇ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು ಬಳಸುವ ಕೈಗೆ ಇದು ಗೊತ್ತು: ಕಮ್ಮಿಯಾದರೆ ಬಡಿಸುವಾಗಲೂ ಹಾಕಬಹುದು, ಸಾರಿನಲ್ಲಿ ಕರಗಿ ಹೋದದ್ದನ್ನು ತೆಗೆಯಲಾಗದು. ಹಾಗೆಂದು ಸಪ್ಪೆಯೂ ಸಲ್ಲ. ತಾನೂ ನಗದೆ, ನಗುವವರಿಗೂ ಅಡ್ಡಬಂದು ಜತೆಯವರಿಗೆ ಹೊರೆಯಾಗುವುದು ದೋಷವೇ ಎಂದು 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಬರೆದಿಟ್ಟಿದ್ದಾರೆ.

ಹದ ತಪ್ಪುವುದು ಹೆಚ್ಚಾಗಿ ಮದುವೆಯ ಮುನ್ನಾದಿನ, ರೋಸ್ ಎಂಬ ಶಾಸ್ತ್ರದ ಹೊತ್ತಿಗೆ. ತಲೆಗೆ ತೆಂಗಿನ ಹಾಲು ಸುರಿಸಿಕೊಂಡು ಕಣ್ಣುಮುಚ್ಚಿ ಕೂತ ಮದುಮಗನನ್ನು ಎಷ್ಟು ಕೀಟಲೆ ಮಾಡಿದರೂ ನಡೆಯುತ್ತದೆ, ಅವನಿಗೆ ಓಡಲು ದಾರಿಯಿಲ್ಲ. ಮದುಮಗಳ ಬಣ್ಣ, ಬೀಗರು ಕೊಟ್ಟ ಬಂಗಾರ ಮಾತಿಗೆ ಬಂದರೆ ಮಾತ್ರ ನಗು ಅಲ್ಲೇ ಸಾಯುತ್ತದೆ. ನೆರೆಯವನಿಗೆ ಮೋಸಮಾಡಿ ‘ತಮಾಷೆಗೆ ಮಾಡಿದೆ’ ಅನ್ನುವವನನ್ನು ಬೈಬಲಿನ ಜ್ಞಾನೋಕ್ತಿಗಳ ಪುಸ್ತಕ ಕೊಳ್ಳಿ ಎಸೆಯುವ ಹುಚ್ಚನ ಸಾಲಿಗೆ ಸೇರಿಸುತ್ತದೆ.

ಸಾವಿನ ಮನೆಯಲ್ಲಿ ಕ್ರಮ ಬೇರೆ. ಮಣ್ಣು ಕೊಟ್ಟು ಬಂದು ಚಹಾ ಕುಡಿಯುವಾಗ ತೀರಿಕೊಂಡವರ ಹಳೇ ಜಿಪುಣತನದ ಮಾತು ಬರುತ್ತದೆ. ಅದನ್ನು ಎತ್ತುವ ಹಕ್ಕು ಮನೆಯವರದ್ದು, ಹೊರಗಿನವರು ಕಾಯಬೇಕು. ಮಗಳೋ ಹೆಂಡತಿಯೋ ಮೊದಲು ನಕ್ಕರೆ ಉಳಿದವರೂ ನಗಬಹುದು. ಅಂಗಳದ ಬೆಂಚು ಆಗಲೂ ಅಲುಗುತ್ತದೆ. ಹೆಗಲು ಕುಣಿಯುತ್ತಿರುವುದು ಯಾತಕ್ಕೆಂದು ಹಿಂದೆ ಕೂತವರಿಗೆ ತಿಳಿಯುವುದಿಲ್ಲ.