ದೋಣಿ ಹಲಗೆ, ಸಬ್ಬಕ್ಕಿ ಸಂಡಿಗೆ

ಅಮೆರಿಕದಿಂದ ಬರುವವರು ಚಾಕೊಲೇಟ್ ತರುತ್ತಾರೆ, ಬಾದಾಮಿ ತರುತ್ತಾರೆ. ನನ್ನ ಭಾವಮೈದ ಈ ಸಲ ನೆಲ ತಂದ. ಅವನ ಸೆಕೆಂಡ್ ಹ್ಯಾಂಡ್ ದೋಣಿಯ ನೆಲ. ಪೂರ್ತಿ ಅಲ್ಲ, ಎರಡಡಿಯ ಒಂದು ಹಲಗೆ. ಕ್ಯಾಬಿನ್ ಅಡಿಯಲ್ಲಿ ನೀರು ಸೇರಿದೆಯಾ ಅಂತ ನೋಡೋಕೆ ಎತ್ತಿ ತೆಗೆಯುವ ಮುಚ್ಚಳದಂಥದ್ದು. ಕಂದು ತೇಗದ ಪಟ್ಟಿಗಳು, ನಡುನಡುವೆ ಹಾಲಿ ಅನ್ನೋ ಮರದ ಬಿಳಿ ಗೆರೆಗಳು. ನೋಡೋಕೆ ಲಕ್ಷಣವಾಗೇ ಇತ್ತು. ಆದರೆ ಅರ್ಧ ಭಾಗದಲ್ಲಿ ವಾರ್ನಿಶ್ ಎದ್ದು ಸಿಪ್ಪೆ ಸುಲಿದಿತ್ತು, ಮರ ಬಿಳಿಚಿಕೊಂಡಿತ್ತು.

"ಬಿಸಿಲು ಭಾವ, ಬರೀ ಬಿಸಿಲು" ಎಂದ.

ಅವನಿರುವುದು ಸಿಯಾಟಲ್‌ನಲ್ಲಿ. ಫೋನ್ ಮಾಡಿದಾಗಲೆಲ್ಲ ಜಿಟಿಜಿಟಿ ಮಳೆ ಅಂತ ಗೋಳಾಡುವ ಆಸಾಮಿ. ಆದರೆ ಜೂನ್‌ನಲ್ಲಿ ಅಲ್ಲಿ ಹಗಲು ಸುಮಾರು 16 ಗಂಟೆ. ದೋಣಿಯ ಸೂರಿನಲ್ಲಿ ಅಕ್ರಿಲಿಕ್ ಕಿಟಕಿ. ಲಂಗರು ಹಾಕಿದ ದೋಣಿಯಾದರೆ ಗಾಳಿಗೆ ಅತ್ತಿತ್ತ ತಿರುಗುತ್ತದೆ, ಬಿಸಿಲೂ ಜಾಗ ಬದಲಿಸುತ್ತದೆ. ಇವನದು ದಡಕ್ಕೆ ಕಟ್ಟಿಹಾಕಿದ್ದು. ದಿನಾ ಅದೇ ಹಲಗೆಗೆ ಏಟು. ಅತಿನೇರಳೆ ಕಿರಣ ಮರದ ನಾರನ್ನು ಹಿಡಿದಿಟ್ಟಿರುವ ಲಿಗ್ನಿನ್ ಅನ್ನು ಒಡೆಯುತ್ತದೆ, ಬಣ್ಣ ಕೆಡೋದು ಅದರಿಂದಲೇ ಜಾಸ್ತಿ. ಕಿಟಕಿಗೆ ಹೊರಗಿನಿಂದ ಕ್ಯಾನ್ವಾಸ್ ಗವಸು ಹಾಕಬೇಕು, ಒಳಗೆ ಪರದೆ ಬೇಕು. ಸುಮ್ನೆ ರಗ್ಗು ಹಾಸಿ ಮರೆತರೆ ರಗ್ಗಿನ ಅಚ್ಚೇ ನೆಲದಲ್ಲಿ ಉಳಿಯುತ್ತದೆ, ಆಗಾಗ ಸರಿಸುತ್ತಿರಬೇಕು. ಕಾಫಿ ಆರಿ ಕೆನೆ ಕಟ್ಟುವವರೆಗೂ ಹೇಳಿದ.

ನಮ್ಮತ್ತೆ, ಅಂದರೆ ಅವನ ತಾಯಿ, ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಅಂದರು: "ದೋಣಿಗೂ ಕರ್ಟನ್ನಾ?"

ಅಲ್ಲಿ ಪಾಲಿಶ್ ಕೂಲಿಯೇ ವಿಮಾನದ ಟಿಕೆಟ್‌ನಷ್ಟಾಗುತ್ತೆ ಅನ್ನೋದು ಅವನ ಲೆಕ್ಕ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದ ಬಡಗಿಯೊಬ್ಬರು ಬಂದರು. ಹಲಗೆಯನ್ನು ಪಕ್ಕಕ್ಕೆ ತಿರುಗಿಸಿ ಅಂಚು ನೋಡಿದರು. "ಇದು ಪ್ಲೈವುಡ್ಡು ಸಾರ್. ಮೇಲೆ ತೇಗ ಒಂದು ಮಿಲಿಮೀಟರೂ ಇಲ್ಲ. ಇದನ್ನಾ ವಿಮಾನ ಹತ್ತಿಸಿದ್ದು?" ಭಾವಮೈದನ ಮುಖ ಸಪ್ಪಗಾಯಿತು. ಈಗಿನ ದೋಣಿಗಳಲ್ಲಿ ಹೀಗೇ ಬರೋದು ಅಂತ ಗೊಣಗಿದ. ಮಿಷನ್ ಮುಟ್ಟಿಸದೆ, ಉಪ್ಪು ಕಾಗದದಲ್ಲಿ ಮೆಲ್ಲಗೆ ಉಜ್ಜಿಸಿದ. ಹಲಗೆ ಬತ್ತಲಾಯಿತು. "ನಾಳೆ ಬಂದು ವಾರ್ನಿಶ್ ಹೊಡೀತೀನಿ" ಅಂತ ಬಡಗಿ ಹೋದರು. ಭಾವಮೈದ ಸಂಸಾರ ಸಮೇತ ಧರ್ಮಸ್ಥಳ, ಉಡುಪಿ ಕಡೆ ಹೊರಟ.

ಈಗ ನಮ್ಮ ಮನೆಯ ವಿಷಯ ಹೇಳಬೇಕು. ಇಲ್ಲಿ ಬಿಸಿಲೆಂದರೆ ಸಂಬಳವಿಲ್ಲದ ಕೆಲಸದಾಳು. ಹಾಸಿಗೆ, ದಿಂಬು, ಅಕ್ಕಿಯ ಹುಳ, ಮೆಣಸಿನಕಾಯಿ, ಉಪ್ಪಿನಕಾಯಿ ಜಾಡಿ, ಶೀತವಾದ ಅಳಿಯ, ಎಲ್ಲವನ್ನೂ ಟೆರೇಸಿಗೆ ಹಾಕೋದೇ. ಯಾವುದನ್ನಾದರೂ ಬಿಸಿಲಿನಿಂದ ಕಾಪಾಡಬೇಕು ಅನ್ನೋ ಕಲ್ಪನೆಯೇ ಅತ್ತೆಯವರಿಗಿಲ್ಲ. ಅದೂ ಏಪ್ರಿಲ್. ಆ ತಿಂಗಳ ಕೊನೆಯಲ್ಲಿ ಬೆಂಗಳೂರಿನ ನಡುಹಗಲಿಗೆ ನೆಟ್ಟಗೆ ನಿಂತ ಕಂಬದ ನೆರಳೂ ಕಾಣದ ದಿನ ಒಂದು ಬರುತ್ತೆ, ಸೂರ್ಯ ಅಷ್ಟು ನೆತ್ತಿಯ ಮೇಲೆ. ಸಾಲದ್ದಕ್ಕೆ ಊರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲೆ. ಎತ್ತರ ಹೆಚ್ಚಿದಷ್ಟೂ ಅತಿನೇರಳೆ ಕಿರಣವೂ ಹೆಚ್ಚು.

ಇಂಥ ಟೆರೇಸಿನಲ್ಲಿ ಅತ್ತೆಯವರಿಗೆ ಚಪ್ಪಟೆಯಾದ, ನುಣುಪಾದ, ಒಡೆಯನಿಲ್ಲದ ಹಲಗೆ ಸಿಕ್ಕಿತು. ಮೇಲೊಂದು ಪ್ಲಾಸ್ಟಿಕ್ ಹಾಳೆ. ಜೀರಿಗೆ, ಹಸಿಮೆಣಸಿನಕಾಯಿ, ನಿಂಬೆರಸ ಬೆರೆಸಿದ ಸಬ್ಬಕ್ಕಿ ಗಂಜಿ ಚಮಚ ಚಮಚವಾಗಿ ಬಿತ್ತು. ಹಾಳೆ ಹಾರದ ಹಾಗೆ ಒಂದು ಮೂಲೆಗೆ ಇಟ್ಟಿಗೆ, ಇನ್ನೊಂದಕ್ಕೆ ಕುಟ್ಟಾಣಿ, ಮೂರನೆಯದಕ್ಕೆ ಗುಂಡುಕಲ್ಲು, ನಾಲ್ಕನೆಯದಕ್ಕೆ ನನ್ನ ಹಳೇ ಡಂಬೆಲ್. ಸಂಡಿಗೆ ಸಂಜೆ ಇಳಿಯುತ್ತಿತ್ತು, ಬೆಳಿಗ್ಗೆ ಹೊಸದು ಹತ್ತುತ್ತಿತ್ತು. ಮೂಲೆಯ ನಾಲ್ವರು ಮಾತ್ರ ಕದಲಲಿಲ್ಲ.

ಬಡಗಿಯ ನಾಳೆ ಬರುವ ಹೊತ್ತಿಗೆ ತೇಗ ಹೊಂಬಣ್ಣಕ್ಕೆ ತಿರುಗಿತ್ತು, ಬಿಳಿ ಗೆರೆ ಹಳದಿಯಾಗಿತ್ತು. ನಾಲ್ಕು ಮೂಲೆಗಳಲ್ಲಿ ಉಜ್ಜಿದ ದಿನದ ಬಣ್ಣ ಹಾಗೇ ಇತ್ತು. ಇಟ್ಟಿಗೆ ಚೌಕವಾಗಿ, ಕುಟ್ಟಾಣಿ ದುಂಡಗೆ, ಡಂಬೆಲ್ ಎರಡು ಕಣ್ಣಿನ ಹಾಗೆ ಮೂಡಿದ್ದವು. "ಡಾರ್ಕ್ ವಾಲ್ನಟ್ ಸ್ಟೇನ್ ಹೊಡೆದ್ಬಿಡೋಣ ಸಾರ್, ಎಲ್ಲಾ ಒಂದೇ ಆಗುತ್ತೆ" ಅಂದರು ಬಡಗಿ. ಒಂದೇ ಆಗುತ್ತೆ, ನಿಜ. ಬಿಳಿ ಗೆರೆಯೂ ಹೋಗುತ್ತೆ.

ವೀಡಿಯೋ ಕಾಲ್‌ನಲ್ಲಿ ಭಾವಮೈದ ಉಡುಪಿಯಿಂದ ಕಿರುಚಿದ. ಅತ್ತೆಯವರು ಫೋನ್ ಕಸಿದುಕೊಂಡು, "ನಿಂಗೇ ಕಣೋ ಸಂಡಿಗೆ ಮಾಡಿದ್ದು, ಮೂರು ಡಬ್ಬ ಆಗಿದೆ" ಎಂದರು. ಅವನು ತಣ್ಣಗಾದ.

ಅವನೇ ದಾರಿ ಹೇಳಿದ. ಮರದ ಬಣ್ಣ ಮೊದಮೊದಲು ಬೇಗ ಬದಲಾಗುತ್ತೆ, ಆಮೇಲೆ ನಿಧಾನ. ಏನೂ ಹೊದಿಸದೆ ಮತ್ತೆ ಬಿಸಿಲಿಗಿಟ್ಟರೆ ಮಚ್ಚೆಗಳು ಉಳಿದ ಭಾಗದ ಹತ್ತಿರಕ್ಕೆ ಬರುತ್ತವೆ. ಅದಾದ ಮೇಲೆ ಯು.ವಿ. ತಡೆಯುವ ವಾರ್ನಿಶ್, ತೆಳುವಾಗಿ ಹಲವು ಕೋಟು.

ಅತ್ತೆಯವರಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಏನೂ ಇಡದೆ ಬರೀ ಹಲಗೆ ಒಣಗಿಸೋದಾ ಅಳಿಯಂದ್ರೇ? ಅಷ್ಟು ಬಿಸಿಲು ದಂಡ ಅಲ್ವಾ?" ಕೈಯಲ್ಲಿ ನೆನೆದ ಸಬ್ಬಕ್ಕಿ ಪಾತ್ರೆ ಬೇರೆ. ನಾನು ಛತ್ರಿ ಹಿಡಿದು ಟೆರೇಸಿನಲ್ಲೇ ಕಾವಲು ಕೂತೆ. ಮಚ್ಚೆಗಳು ಮಾಸಿದವು, ವಾರ್ನಿಶ್ಶೂ ಆಯಿತು. ಡಂಬೆಲ್‌ನ ಒಂದು ಕಣ್ಣು ಮಾತ್ರ ಗೊತ್ತಿದ್ದವರಿಗೆ ಕಾಣುತ್ತೆ.

ಆ ಕಾವಲಿನ ಒಂದು ಮಧ್ಯಾಹ್ನ ಪಕ್ಕದ ಟೆರೇಸಿನಲ್ಲಿ ಬಟ್ಟೆ ಹರವುತ್ತಿದ್ದ ಆಂಟಿ ಕೇಳಿದರು. "ಏನು ಒಣಗಿಸ್ತಿದ್ದೀರಾ ಸಾರ್?"

"ದೋಣಿ" ಎಂದೆ.

ಅವರು ನಗಲಿಲ್ಲ. ಕ್ಲಿಪ್ಪು ಕೈಯಲ್ಲೇ ಹಿಡಿದು ಗೋಡೆಯ ಹತ್ತಿರ ಬಂದರು. "ನಮ್ಮ ಮಗನ ಮನೆ ಬೆಳ್ಳಂದೂರಿನಲ್ಲಿ. 2022ರ ಮಳೇಲಿ ಅವರ ಲೇಔಟಿಂದ ಟ್ರ್ಯಾಕ್ಟರ್‌ನಲ್ಲಿ ಆಚೆ ಬಂದಿದ್ದು. ನಿಮ್ದು ಎಷ್ಟು ಸೀಟು?"